ಹಳೆಯ ಮಹೀಂದ್ರ ಎಫ್‌ಸಿ-150 ಪಿಕಪ್‌ಗೆ ಡೀಸೆಲ್ ಎಂಜಿನ್ ಕೂರಿಸಬೇಕು, ಪುಣೆಯಲ್ಲಿ ಯಾರ ಹತ್ತಿರ ಹೋಗಲಿ?

ಯಾರ ಹತ್ತಿರವೂ ಹೋಗಬೇಡಿ. ಹತ್ತು ವರ್ಷ ಹಂಬಲಿಸಿದ ಗಾಡಿ ಕೊನೆಗೂ ಸಿಕ್ಕಿದೆ, ಎಂಜಿನ್ ಬದಲಿಸಿ ದಿನವೂ ಓಡಿಸಬೇಕು ಎಂದು ಬರೆದಿದ್ದೀರಿ. ನಾನೂ ಅದೇ ಉತ್ಸಾಹದಲ್ಲಿದ್ದವನು.

ನಾನು ಬೆಳೆದದ್ದು ಪುಣೆಯ ಖಡಕಿಯಲ್ಲಿ. ನಮ್ಮ ಓಣಿಗೆ ಸೋಡಾ ಬಾಟಲಿ ಹೊತ್ತು ಬರುತ್ತಿದ್ದುದು ಮಹೀಂದ್ರ ಎಫ್‌ಸಿ. ಮುಂದೆ ಮೂತಿಯೇ ಇಲ್ಲ, ಎಂಜಿನ್ ಎರಡು ಸೀಟುಗಳ ನಡುವೆ. ಅಮೆರಿಕದ ವಿಲ್ಲಿಸ್ ಕಂಪನಿಯ ಈ ಗಾಡಿಯನ್ನು ಮಹೀಂದ್ರ 1965ರಿಂದ ನಮ್ಮಲ್ಲಿ ತಯಾರಿಸಿತು. ವರ್ಷಗಟ್ಟಲೆ ಹುಡುಕಿದ ಮೇಲೆ ನನಗೆ ಸಿಕ್ಕಿದ್ದು ಸಾಸ್ವಡದ ಹತ್ತಿರದ ಅಂಜೂರದ ತೋಟವೊಂದರಲ್ಲಿ. ಮಾಲೀಕರು ಅಥಣಿಯಿಂದ ಬಂದು ನೆಲೆಸಿದ ಅಜ್ಜ. “ತಮ್ಮಾ, ಗುಜರಿಯವರು ಕಿಲೋ ಲೆಕ್ಕದಲ್ಲಿ ಕೇಳಿದರು, ಕೊಡಲಿಲ್ಲ. ಓಡಿಸುವುದಾದರೆ ತೆಗೆದುಕೊಂಡು ಹೋಗು” ಎಂದರು. ಆರ್‌ಸಿ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟಿದ್ದರು.

ಕಾಗದ ಕೈಯಲ್ಲಿದೆ, ಇನ್ನೇನು ಬೇಕು ಎಂದುಕೊಂಡೆ. ಎಡವಿದ್ದು ಅಲ್ಲೇ. ಗಾಡಿ ಬಿಚ್ಚಿಸಿ ಬರಿಯ ಚಾಸಿಯನ್ನು, ಅಂದರೆ ಗಾಡಿಯ ಉಕ್ಕಿನ ಚೌಕಟ್ಟನ್ನು, ಮರಳು ಚಿಮ್ಮಿಸಿ ತುಕ್ಕು ತೆಗೆಯುವ ಸ್ಯಾಂಡ್‌ಬ್ಲಾಸ್ಟಿಂಗ್‌ಗೆ ಭೋಸರಿಗೆ ಕಳುಹಿಸಿದೆ. ಚಾಸಿ ನಂಬರು ಇರುವ ಜಾಗದಲ್ಲೇ ತುಕ್ಕು ದಪ್ಪಗಟ್ಟಿತ್ತು. ಕೆಲಸದ ಹುಡುಗ ಅಲ್ಲೇ ನಳಿಕೆ ಹಿಡಿದು ನಿಂತ. ತುಕ್ಕೂ ಹೋಯಿತು, ಜೊತೆಗೆ ಎರಡು ಅಂಕಿಗಳೂ. ಉಳಿದದ್ದರಲ್ಲಿ 3 ಯಾವುದು, 8 ಯಾವುದು ತಿಳಿಯದು. ಅವನದೇನೂ ತಪ್ಪಿಲ್ಲ, ಅಲ್ಲಿ ನಂಬರು ಇದೆಯೆಂದು ಹೇಳಬೇಕಾದವನು ನಾನು. ಮೊದಲೇ ಆ ಜಾಗದ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕಿತ್ತು, ಫೋಟೊ ಹಿಡಿಯಬೇಕಿತ್ತು, ದಪ್ಪ ರಬ್ಬರ್ ತುಂಡು ಕಟ್ಟಿ ಮುಚ್ಚಿ ಕಳುಹಿಸಬೇಕಿತ್ತು. ಒಂದು ಗಳಿಗೆಯ ಕೆಲಸ. ಆರ್‌ಟಿಒದಲ್ಲಿ ನಂಬರಿನ ಅಚ್ಚು ಆರ್‌ಸಿಗೆ ತಾಳೆಯಾಗದಿದ್ದರೆ ಮೊದಲು ಬರುವುದು ಕಳವಿನ ಶಂಕೆ. ಪೊಲೀಸ್ ತಪಾಸಣೆ, ನಂಬರನ್ನು ಮತ್ತೆ ಕೆತ್ತಿಸಲು ಅನುಮತಿ, ಅದಕ್ಕಾಗಿ ಅಲೆದಾಟ. ಬಣ್ಣ ಹೊಡೆದು ಸಿದ್ಧವಾದ ಗಾಡಿ ಒಂದು ಇಡೀ ಮಳೆಗಾಲ ತಾಡಪಾಲಿನ ಕೆಳಗೆ ನಿಂತಿತು.

ಇನ್ನು ನಿಮ್ಮ ಡೀಸೆಲ್ ವಿಚಾರ. 2021ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ಸ್ವರೂಪದಲ್ಲೇ ಇರುವ, ಸ್ವಂತ ಬಳಕೆಯ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನಂಬರು ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಎಂಜಿನ್ ಬದಲಿಸಿದರೆ ಆ ಬಾಗಿಲು ಮುಚ್ಚಿತು. ಆ ನಂಬರಿನಲ್ಲಿ ದಿನವೂ ಓಡಿಸುವಂತೆಯೂ ಇಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು, ಇಷ್ಟಕ್ಕೇ ರಸ್ತೆಗಿಳಿಸಬೇಕು. ಕಚೇರಿಗೆ ಹೋಗಿಬರಲು ಬೇರೆ ಗಾಡಿ ಕೊಳ್ಳಿ, ಇದನ್ನು ಆ ಕೆಲಸಕ್ಕೆ ಎಳೆಯಬೇಡಿ.

ಮೂಲ ಪೆಟ್ರೋಲ್ ಎಂಜಿನ್‌ಗೆ ಸಾಮಾನು ಸಿಗುವುದಿಲ್ಲ ಎಂದು ಯಾರೋ ನಿಮ್ಮನ್ನು ಹೆದರಿಸಿದ್ದಾರೆ, ಅದೂ ಸರಿಯಲ್ಲ. ಸಿಜೆ-3ಬಿ ಜೀಪಿನಲ್ಲಿ ಇದ್ದುದೂ ಇದೇ 2.2 ಲೀಟರ್ ಹರಿಕೇನ್ ಎಂಜಿನ್. ಗಾಳಿ-ಇಂಧನ ಒಳಬಿಡುವ ಇನ್‌ಲೆಟ್ ವಾಲ್ವ್ ಮೇಲಿನ ಹೆಡ್‌ನಲ್ಲಿ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಕೆಳಗಿನ ಬ್ಲಾಕಿನಲ್ಲಿ ಇರುವುದರಿಂದ ಹೊಸ ಮೆಕ್ಯಾನಿಕ್‌ಗಳು ಹಿಂದೇಟು ಹಾಕುತ್ತಾರೆ. ಜೀಪು ಬಿಚ್ಚಿ ಪಳಗಿದವರಿಗೆ ಅದು ಅಂಗೈ ಗೆರೆ. ನಿಜವಾಗಿ ಕಾಡುವುದು ಕ್ಯಾಬಿನ್ನಿನ ತಗಡು, ಗಾಜು ಮತ್ತು ಅದರ ರಬ್ಬರ್. ದುಡ್ಡು, ತಾಳ್ಮೆ ಎರಡನ್ನೂ ಅದಕ್ಕೆ ಉಳಿಸಿಕೊಳ್ಳಿ.

ಆರ್‌ಸಿಯಲ್ಲಿರುವ ಮೊದಲ ನೋಂದಣಿಯ ದಿನಾಂಕ ನೋಡಿ ಇಲ್ಲೇ ಬರೆಯಿರಿ. ಎಂಜಿನ್ ಬ್ಲಾಕಿನ ನಂಬರು ಆರ್‌ಸಿಯ ಜೊತೆ ತಾಳೆಯಾಗುತ್ತದೆಯೇ ಎಂಬುದನ್ನೂ ತಿಳಿಸಿ. ತಾಳೆಯಾದರೆ, ನಾನಾ ಪೇಠೆಯಲ್ಲಿ ಹಳೆಯ ಜೀಪಿನ ಸಾಮಾನು ಇಡುವ ಅಂಗಡಿಗಳಿಗೆ ನಾನೇ ನಿಮ್ಮ ಜೊತೆ ಬರುತ್ತೇನೆ.