ನವೆಂಬರಿನಲ್ಲಿ ಒಂದೇ ತಿಂಗಳಿಗೆ ಕಾದಂಬರಿ ಬರೆಯೋ ಸವಾಲಿಗೆ ದಾವಣಗೆರೆಯ ನಾವು ಪಿಯು ಹುಡುಗಿಯರು ಇಳಿಯಬಹುದಾ? ಕಥೆ ಇನ್ನೂ ಪೂರ್ತಿ ಗೊತ್ತಿಲ್ಲ.

ಇಳಿಯಿರಿ. ಆದರೆ ನವೆಂಬರಿನಲ್ಲಿ ಬೇಡ, ಏಪ್ರಿಲ್‌ನಲ್ಲಿ ಇಳಿಯಿರಿ.

ನೀವು ಹೇಳ್ತಿರೋದು ನ್ಯಾನೋರೈಮೋ ಬಗ್ಗೆ, ‘ನ್ಯಾಷನಲ್ ನಾವೆಲ್ ರೈಟಿಂಗ್ ಮಂತ್’ ಅನ್ನೋದರ ಚುಟುಕು ಹೆಸರು ಅದು. 1999ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕಡೆ ಕ್ರಿಸ್ ಬೇಟಿ ಅನ್ನೋರು ಶುರು ಮಾಡಿದ್ದು, ಆಗ ಇದ್ದದ್ದು 21 ಜನ. ಮೊದಲ ವರ್ಷ ನಡೆದದ್ದು ಜುಲೈನಲ್ಲಿ. ಮರುವರ್ಷ ನವೆಂಬರಿಗೆ ಹಾಕಿದರು. ಯಾಕೆ ಗೊತ್ತಾ? ಅಲ್ಲಿ ಆಗ ಹವೆ ಕೆಟ್ಟಿರುತ್ತೆ, ಹೇಗೂ ಹೊರಗೆ ಹೋಗೋಕೆ ಮನಸ್ಸಾಗಲ್ಲ, ಕೂತು ಬರೆಯಲಿ ಅಂತ. ಅದೇ ಲೆಕ್ಕ ನಮ್ಮೂರಿಗೆ ಹಾಕಿ ನೋಡಿ. ನವೆಂಬರಿನಲ್ಲಿ ನಮ್ಮ ಹವೆ ಹಿತವಾಗಿರುತ್ತೆ. ಕಾಲೇಜು ಜೋರಾಗಿ ನಡೀತಿರುತ್ತೆ, ರಾಜ್ಯೋತ್ಸವದ ಕಾರ್ಯಕ್ರಮ ಬೇರೆ. ಹಳ್ಳಿ ಕಡೆಯವರಾದರೆ ಮೆಕ್ಕೆಜೋಳ ರಸ್ತೆ ಮೇಲೆ ಒಣಗ್ತಿರುತ್ತೆ, ಮನೇಲಿ ಕೂತವರನ್ನ ಯಾರೂ ಸುಮ್ಮನೆ ಬಿಡಲ್ಲ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದಿರುತ್ತೆ, ಹನ್ನೊಂದು ಗಂಟೆ ಮೇಲೆ ಬಿಸಿಲಿಗೆ ನಾಯಿ ಕೂಡ ಬೀದಿಗೆ ಬರಲ್ಲ. ನಮ್ಮ ಕೆಟ್ಟ ಹವೆ ಅದು.

ಅವರ ಗುರಿ 50,000 ಪದ ಇತ್ತು, ಅಂದರೆ ದಿನಕ್ಕೆ 1,667. ಅದನ್ನ ಹಾಗೇ ಎತ್ತಿಕೊಳ್ಳಬೇಡಿ. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳೋದರಿಂದ ಅಷ್ಟೇ ಕಥೆಗೆ ಪದ ಕಡಿಮೆ ಬರ್ತವೆ, ಅವರ ಲೆಕ್ಕ ನಮಗೆ ಭಾರ. ಅವರೇ 2005ರಲ್ಲಿ ಚಿಕ್ಕವರಿಗೆ ಅಂತ ಬೇರೆ ಕಾರ್ಯಕ್ರಮ ಮಾಡಿ, ನಿಮ್ಮ ಗುರಿ ನೀವೇ ಇಟ್ಟುಕೊಳ್ಳಿ ಅಂದಿದ್ದರು. ಒಂದು ಉದ್ದನೆ ನೋಟ್‌ಬುಕ್ ತಗೊಳ್ಳಿ, ದಿನಕ್ಕೆ ಎರಡು ಪುಟ. (ಮೊಬೈಲ್‌ನಲ್ಲಿ ಬರೀತೀನಿ ಅಂದರೆ ಬೇಡ ಅನ್ನಲ್ಲ, ಆದರೆ ಅರ್ಧ ಗಂಟೆ ಆದಮೇಲೆ ಏನು ನೋಡ್ತಿರ್ತೀರಿ ಅಂತ ನನಗೂ ಗೊತ್ತು.) ಹೆಸರು ನೋಂದಾಯಿಸೋಕೆ ಹುಡುಕಬೇಡಿ, ಈ ಸವಾಲು ನಡೆಸ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕೋದಾಗಿ ಹೇಳಿತು. ಸವಾಲಿಗೆ ಸಂಸ್ಥೆ ಬೇಕಾಗಿಲ್ಲ, ಬರೆಯೋ ಇಬ್ಬರು ಗೆಳತಿಯರು ಸಾಕು. ಸಂಜೆ ಎಷ್ಟು ಪುಟ ಆಯ್ತು ಅಂತ ಮಾತ್ರ ಹೇಳಿಕೊಳ್ಳಿ. ಬರೆದದ್ದನ್ನ ತೋರಿಸಿಕೊಳ್ಳಬೇಡಿ.

ಇನ್ನು ಕಥೆ ಪೂರ್ತಿ ಗೊತ್ತಿಲ್ಲ ಅಂದ್ರಲ್ಲ, ಅದು ಒಳ್ಳೇದೇ. ನಮ್ಮ ಬೀದಿಯ ಹುಡುಗಿಯೊಬ್ಬಳು ರಜೆಯಲ್ಲಿ ಬರೆಯೋಕೆ ಕೂತಿದ್ದಳು. ಮೊದಲ ಸಾಲು: ‘ಅದೊಂದು ಸುಂದರವಾದ ಹಳ್ಳಿ.’ ಯಾವ ಹಳ್ಳಿ ಅಂದರೆ ಉತ್ತರ ಇಲ್ಲ. ಅವಳು ಹುಟ್ಟಿ ಬೆಳೆದದ್ದು ಮಂಡಕ್ಕಿ ಭಟ್ಟಿಗಳ ಪಕ್ಕ! ಆ ಪುಟವನ್ನೇ ಮೂರು ಸಲ ಹರಿದು ತಿದ್ದಿ ಬರೆದಿದ್ದಳು. ಭಟ್ಟಿಯಿಂದಲೇ ಶುರು ಮಾಡು, ಹಿಂದಿನ ಪುಟ ತಿರುಗಿಸಲೇಬೇಡ ಅಂದೆ. ಮರುದಿನ ತಂದು ತೋರಿಸಿದಳು. ಕಾದ ಮರಳಿಗೆ ಉಪ್ಪು ಹಿಡಿದ ಅಕ್ಕಿ ಬಿದ್ದಾಗಿನ ಚಟಪಟ, ಜರಡಿ ಹಿಡಿದ ಅಪ್ಪನ ಹುಬ್ಬಿನ ಮೇಲೆ ಬೂದಿ, ಆ ಗದ್ದಲದಲ್ಲಿ ಅವ್ವ ಬಾಗಿಲಲ್ಲಿ ನಿಂತು ಏನೋ ಕೂಗಿದ್ದು, ಅಪ್ಪನಿಗೆ ಕೇಳಿಸದೇ ಹೋದದ್ದು. ಏನು ಕೂಗಿದಳು ಅಂತ ಕೇಳಿದೆ. ‘ಅದು ನಂಗೂ ಗೊತ್ತಿಲ್ಲ ಅಂಕಲ್’ ಅಂದಳು. ಅದನ್ನ ಹುಡುಕೋದರಲ್ಲೇ ಅವಳ ಏಪ್ರಿಲ್ ಕಳೀತು, ನೋಟ್‌ಬುಕ್ಕೂ ತುಂಬ್ತು.

ಎರಡನೇ ವಾರ ಕೈ ನಿಲ್ಲುತ್ತೆ, ಎಲ್ಲರಿಗೂ. ಪಾತ್ರಗಳು ಚಹಾ ಕುಡೀತಾ ಕೂತುಬಿಡ್ತವೆ. ಆಗ ಮನೆಗೆ ಸಾಲ ಕೇಳೋಕೆ ಯಾರನ್ನಾದರೂ ಕರೆತನ್ನಿ. ಬರೆಯೋಕೆ ಬಾರದ ಭಾಗ ಬಂದರೆ ‘ಇಲ್ಲಿ ಮದುವೆ ಆಗಬೇಕು’ ಅಂತ ಒಂದು ಸಾಲು ಹಾಕಿ ಮುಂದೆ ನಡೀರಿ, ಮದುವೆ ಆಮೇಲೆ ಮಾಡಬಹುದು. ತಿಂಗಳ ಗಡುವು ಇರೋದೇ ಇದಕ್ಕೆ, ತಿದ್ದೋಕೆ ಪುರುಸೊತ್ತು ಸಿಗಬಾರದು ಅಂತ.

ಮುಗಿದ ಮೇಲೆ ನೋಟ್‌ಬುಕ್ಕನ್ನ ಕಾಲೇಜು ಶುರುವಾಗೋವರೆಗೆ ಮುಟ್ಟಬೇಡಿ. ಕನ್ನಡ ಮೇಷ್ಟ್ರಿಗೆ ಅಂತೂ ಈಗಲೇ ಕೊಡಬೇಡಿ, ಕೆಂಪು ಪೆನ್ನಲ್ಲಿ ಒತ್ತಕ್ಷರ ತಿದ್ದಿ ವಾಪಸ್ ಕೊಡ್ತಾರೆ. ದುಡ್ಡು ಕೊಟ್ಟರೆ ಪುಸ್ತಕ ಮಾಡಿಕೊಡ್ತೀವಿ ಅಂತ ಯಾರಾದರೂ ಬಂದರೆ, ಇನ್ನೂ ಮದುವೆ ಬರೆದಿಲ್ಲ ಅಂತ ಹೇಳಿ ಕಳಿಸಿ.