ಸಾರಿನ ಅರಿಸಿನಕ್ಕೆ ಅಡ್ಡಿಯಿಲ್ಲ, ಕ್ಯಾಪ್ಸೂಲಿಗೆ ಉಂಟು

ಪ್ರಶ್ನೆ: ನಮ್ಮ ತಂದೆಯವರಿಗೆ 62 ವರ್ಷ. ಬಹುಕಾಲದಿಂದ ಹೆಪಟೈಟಿಸ್ ಬಿ ಸೋಂಕಿತ್ತು. ಈಗ ಯಕೃತ್ತಿನ ಕ್ಯಾನ್ಸರ್ ಎಂದು ಗೊತ್ತಾಗಿ ಸೊರಾಫೆನಿಬ್ ಮಾತ್ರೆ ಆರಂಭಿಸಿದ್ದಾರೆ. ಜೊತೆಗೆ ನೆಲನೆಲ್ಲಿ ಕಷಾಯವನ್ನೂ, ಕಾಳುಮೆಣಸಿನ ಸತ್ವ ಬೆರೆಸಿದ ಕರ್ಕ್ಯುಮಿನ್ (ಅರಿಸಿನದ ಹಳದಿ ಅಂಶ) ಕ್ಯಾಪ್ಸೂಲನ್ನೂ ಕೊಡಿ ಎಂದು ಬಂಧುಗಳು ಒತ್ತಾಯಿಸುತ್ತಿದ್ದಾರೆ. ಕೊಡಬಹುದೇ?
– ಓದುಗರು, ಸಾಗರ

ಉತ್ತರ: ಕ್ಯಾಪ್ಸೂಲನ್ನು ಖಂಡಿತ ಕೊಡಬೇಡಿ, ಕಷಾಯವನ್ನೂ ಕೊಡದಿರುವುದೇ ಲೇಸು. ಸಾರು, ಪಲ್ಯಕ್ಕೆ ಹಾಕುವ ಅರಿಸಿನಕ್ಕೆ ಅಡ್ಡಿಯಿಲ್ಲ.

ಗಿಡಮೂಲಿಕೆಗಳಲ್ಲಿ ಕ್ಯಾನ್ಸರನ್ನು ಎದುರಿಸುವ ಗುಣವೇ ಇಲ್ಲವೆಂದು ಇದರರ್ಥವಲ್ಲ. ನಿತ್ಯಪುಷ್ಪದಿಂದ ದೊರೆತ ವಿನ್‌ಕ್ರಿಸ್ಟೀನನ್ನು ರಕ್ತದ ಕ್ಯಾನ್ಸರಿಗೆ ಇಂದಿಗೂ ಬಳಸುತ್ತಾರೆ. ಆದರೆ ಅದು ಶುದ್ಧೀಕರಿಸಿ, ಪ್ರಮಾಣ ಗೊತ್ತುಮಾಡಿ, ರೋಗಿಗಳಲ್ಲಿ ಪರೀಕ್ಷಿಸಿದ ಮೇಲೆ ಬಂದ ಚುಚ್ಚುಮದ್ದು. ಯಕೃತ್ತಿನ ಕ್ಯಾನ್ಸರಿನ ಮಟ್ಟಿಗೆ ಕರ್ಕ್ಯುಮಿನ್ ಆ ಹಂತವನ್ನು ಮುಟ್ಟಿಲ್ಲ. ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳಿಗೆ ನೇರವಾಗಿ ಬೆರೆಸಿದಾಗ ಮತ್ತು ಇಲಿಗಳಿಗೆ ಕೊಟ್ಟಾಗ ಅದು ಗೆಡ್ಡೆಯ ಬೆಳವಣಿಗೆಯನ್ನು ತಗ್ಗಿಸಿದ್ದು ನಿಜ. ಆದರೆ ಮನುಷ್ಯ ನುಂಗಿದ ಕರ್ಕ್ಯುಮಿನ್ ಬಹುಪಾಲು ಮಲದೊಡನೆ ಹೊರಹೋಗುತ್ತದೆ, ಹೀರಿಕೊಂಡ ಅಲ್ಪಭಾಗವನ್ನೂ ಕರುಳು ಮತ್ತು ಯಕೃತ್ತು ಬೇಗನೆ ಮಾರ್ಪಡಿಸಿಬಿಡುತ್ತವೆ.

ಕಾಳುಮೆಣಸು ಬಂದಿರುವುದು ಇದರ ಪರಿಹಾರಕ್ಕಾಗಿಯೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಪೈಪರೀನನ್ನು 20 ಮಿಲಿಗ್ರಾಂ ಕೊಟ್ಟಾಗ, ದೇಹಕ್ಕೆ ದಕ್ಕುವ ಪ್ರಮಾಣ ಸುಮಾರು 20 ಪಟ್ಟು ಹೆಚ್ಚಿತು. ಕ್ಯಾಪ್ಸೂಲ್ ಮಾರುವವರು ಈ ಅಂಕಿಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಅದು ಹೇಗೆ ಹೆಚ್ಚಿತು ಎಂಬುದನ್ನು ಮಾತ್ರ ಹೇಳುವುದಿಲ್ಲ. ಔಷಧಿಗಳನ್ನು ಮಾರ್ಪಡಿಸಿ ಹೊರಹಾಕುವ ಕಿಣ್ವಗಳನ್ನು ಪೈಪರೀನ್ ತಡೆಯುತ್ತದೆ. ಸೊರಾಫೆನಿಬ್ ಕರಗಿಹೋಗಬೇಕಾದದ್ದೂ ಯಕೃತ್ತಿನ ಅಂಥ ಕಿಣ್ವಗಳಿಂದಲೇ ಆದ್ದರಿಂದ, ಮಾತ್ರೆಯ ಅಂಶ ರಕ್ತದಲ್ಲಿ ಏರಿ, ಅಂಗೈ ಅಂಗಾಲಿನ ಚರ್ಮ ಸುಲಿಯುವುದು, ಭೇದಿ, ರಕ್ತದೊತ್ತಡ ಮುಂತಾದ ಅಡ್ಡಪರಿಣಾಮಗಳು ಬಲಿಯುವ ಸಾಧ್ಯತೆಯಿದೆ. ಸಾಲದ್ದಕ್ಕೆ, ಅರಿಸಿನದ ಪೂರಕಗಳಿಂದಲೇ ಯಕೃತ್ತಿಗೆ ಹಾನಿಯಾದ 10 ಪ್ರಕರಣಗಳನ್ನು ಅಮೆರಿಕದ ವೈದ್ಯರು 2022ರಲ್ಲಿ ವರದಿ ಮಾಡಿದ್ದಾರೆ. ಅವರಲ್ಲಿ ಒಬ್ಬರು ತೀರಿಕೊಂಡರು.

ನೆಲನೆಲ್ಲಿಯ ಮೇಲಿನ ನಂಬಿಕೆಗೂ ಒಂದು ಆಧಾರವಿತ್ತು. 1988ರಲ್ಲಿ ಮದ್ರಾಸಿನ ಸಂಶೋಧಕರು, 30 ದಿನ ಅದರ ಪುಡಿ ಸೇವಿಸಿದ 37 ಹೆಪಟೈಟಿಸ್ ಬಿ ವಾಹಕರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತೆಂದು ಬರೆದರು. ಬಳಿಕ ಬೇರೆಯವರು ನಡೆಸಿದ ಪ್ರಯೋಗಗಳಲ್ಲಿ ಆ ಫಲ ಕಾಣಲಿಲ್ಲ. ಅಲ್ಲದೆ ಅದು ವೈರಸ್ಸಿನ ಮಾತೇ ಹೊರತು ಕ್ಯಾನ್ಸರಿನದಲ್ಲ. ವೈರಸ್ಸನ್ನು ಹತ್ತಿಕ್ಕಲು ಎಂಟೆಕಾವಿರ್, ಟೆನೊಫೊವಿರ್‌ನಂತಹ ಮಾತ್ರೆಗಳಿವೆ. ತಂದೆಯವರಿಗೆ ಅವುಗಳಲ್ಲೊಂದನ್ನು ಬರೆದುಕೊಟ್ಟಿದ್ದಾರೆಯೇ ಎಂದು ವೈದ್ಯರನ್ನು ಕೇಳಿ. ಕಷಾಯಕ್ಕಿಂತ ಇದು ಮುಖ್ಯ.

ಈಗಾಗಲೇ ಕ್ಯಾಪ್ಸೂಲ್ ಕೊಟ್ಟಿದ್ದರೆ ನಿಲ್ಲಿಸಿ, ಆ ಡಬ್ಬಿಯನ್ನು ಕ್ಯಾನ್ಸರ್ ತಜ್ಞರಿಗೆ ತೋರಿಸಿ; ಬಿಲಿರುಬಿನ್ ಮತ್ತು ಯಕೃತ್ತಿನ ಕಿಣ್ವಗಳ ರಕ್ತಪರೀಕ್ಷೆ ಬೇಕಾಗಬಹುದು. ಸೊರಾಫೆನಿಬನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು. ತಾಯಿಯವರೂ ನೀವೂ ಒಡಹುಟ್ಟಿದವರೂ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿಕೊಳ್ಳಿ; ಸೋಂಕಾಗಲಿ ರೋಗನಿರೋಧಕ ಶಕ್ತಿಯಾಗಲಿ ಇಲ್ಲದವರಿಗೆ ಲಸಿಕೆ ಹಾಕಿಸಿ.