ಪಿಪ್ ಹಾಕಿದ್ದು ಒಂದು ಪೈಥಾನ್‌ಗೆ, ಓಡಿಸಿದ್ದು ಇನ್ನೊಂದನ್ನು

ನಮಸ್ಕಾರ. ಅಡಿಕೆ ಮಂಡಿಯ ಎಕ್ಸೆಲ್ ಲೆಕ್ಕ ಓದಲು ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೀರಿ. ಪೈಥಾನ್‌ಗೆ ಮಾಡ್ಯೂಲ್ ಹಾಕಿಕೊಡುವ ಪಿಪ್‌ನಿಂದ, ಎಕ್ಸೆಲ್ ಫೈಲ್ ಓದುವ ಓಪನ್‌ಪೈಎಕ್ಸೆಲ್ ಮಾಡ್ಯೂಲ್ ಹಾಕಿದ ಮೇಲೂ 'ಮಾಡ್ಯೂಲ್ ನಾಟ್ ಫೌಂಡ್' ಎರರ್ ಬರುತ್ತಿದೆ, ಅಲ್ವಾ?

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎರಡು ಪೈಥಾನ್ ಇರಬೇಕು ಅಂತ ನನ್ನ ಅನುಮಾನ. ಪಿಪ್ ಒಂದಕ್ಕೆ ಹಾಕಿದೆ, ಸ್ಕ್ರಿಪ್ಟ್ ಇನ್ನೊಂದರಲ್ಲಿ ಓಡುತ್ತಿದೆ. ಮೂಟೆಯನ್ನು ಸಾಗರದಲ್ಲಿ ಇಳಿಸಿ ಶಿವಮೊಗ್ಗದಲ್ಲಿ ಹುಡುಕಿದ ಹಾಗೆ. ಸ್ಕ್ರಿಪ್ಟಿನ ಶುರುವಿನಲ್ಲೇ ಸಿಸ್ ಇಂಪೋರ್ಟ್ ಮಾಡಿ, ಸಿಸ್ ಡಾಟ್ ಎಕ್ಸಿಕ್ಯೂಟಬಲ್ ಪ್ರಿಂಟ್ ಮಾಡಿ. ಯಾವ ಪೈಥಾನ್ ಓಡುತ್ತಿದೆ ಅಂತ ಪೂರ್ತಿ ವಿಳಾಸ ಸಿಗುತ್ತದೆ. ಟರ್ಮಿನಲ್‌ನಲ್ಲಿ ಆ ವಿಳಾಸ ಕೊಟ್ಟು, ಅದರ ನಂತರ 'ಡ್ಯಾಶ್ ಎಂ ಪಿಪ್ ಇನ್‌ಸ್ಟಾಲ್ ಓಪನ್‌ಪೈಎಕ್ಸೆಲ್' ಅಂತ ಹೊಡೆಯಿರಿ. ಎಂ ಸಣ್ಣಕ್ಷರ. ಸುಮ್ನೆ ಪಿಪ್ ಅಂತ ಶುರು ಮಾಡಬೇಡಿ, ಅದು ಯಾವ ಪೈಥಾನ್‌ನದ್ದು ಅಂತ ಗೊತ್ತಾಗುವುದಿಲ್ಲ. ವೆನ್ವ್ (ಒಂದು ಕೆಲಸಕ್ಕೆ ಅಂತಲೇ ಮಾಡಿಕೊಂಡ ಪ್ರತ್ಯೇಕ ಪೈಥಾನ್) ಇದ್ದರೆ ಮೊದಲು ಆಕ್ಟಿವೇಟ್ ಮಾಡಿ.

ಇನ್ನೊಂದು ಮಾತು. ನಿಮ್ಮ ಫೈಲಿಗೇ ಓಪನ್‌ಪೈಎಕ್ಸೆಲ್ ಡಾಟ್ ಪಿವೈ ಅಂತ ಹೆಸರಿಟ್ಟಿಲ್ಲ ತಾನೇ? ಪೈಥಾನ್ ಮೊದಲು ಸ್ಕ್ರಿಪ್ಟ್ ಇರುವ ಫೋಲ್ಡರ್‌ನಲ್ಲೇ ಹುಡುಕುತ್ತದೆ, ಅಸಲಿ ಮಾಡ್ಯೂಲ್ ಬಿಟ್ಟು ನಿಮ್ಮ ಫೈಲನ್ನೇ ಎತ್ತಿಕೊಳ್ಳುತ್ತದೆ. ಆಗ ಸಾಮಾನ್ಯವಾಗಿ ಬರುವ ಎರರ್ ಬೇರೆ, 'ಆಟ್ರಿಬ್ಯೂಟ್ ಇಲ್ಲ' ಅನ್ನುತ್ತದೆ, ಅಂದರೆ ಮಾಡ್ಯೂಲ್ ಒಳಗೆ ನೀವು ಕೇಳಿದ್ದು ಸಿಗಲಿಲ್ಲ ಅಂತ. ತೀರ್ಥಹಳ್ಳಿಯ ಜುಲೈ ಮಳೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ ಇದೇ ತಪ್ಪಿಗೆ ಒಂದು ಸಂಜೆ ಪೂರ್ತಿ ಕಳೆದಿದ್ದೇನೆ.

ಆ ಪ್ರಿಂಟ್ ಏನು ತೋರಿಸಿತು ಅಂತ ಇಲ್ಲೇ ಹಾಕಿ, ನೋಡೋಣ.